ಸಂಘಗಳ ಕಾರ್ಯನಿರ್ವಾಹಕರಿಗೆ ತರಬೇತಿ ರೂಪಿಸುವುದು ಹೇಗೆ? ಸ್ವಯಂಸೇವಕ ಮಂಡಳಿಗೊಂದು ಸಮಗ್ರ ಮಾರ್ಗದರ್ಶಿ

ವೃತ್ತಿಪರರ ಸಂಘ, ವ್ಯಾಪಾರಿಗಳ ಒಕ್ಕೂಟ, ಉದ್ಯಮಿಗಳ ಮಹಾಮಂಡಳ, ಯಾವುದೇ ಇರಲಿ. ಸ್ವಲ್ಪ ದೊಡ್ಡದಾದ ಸಂಘದ ಕಚೇರಿಯಲ್ಲಿ ಸಂಬಳಕ್ಕೆ ದುಡಿಯುವ ಒಬ್ಬ ಮುಖ್ಯಸ್ಥರು ಇರುತ್ತಾರೆ. ಕೆಲವು ಕಡೆ ಅವರನ್ನು ಕಾರ್ಯನಿರ್ವಾಹಕ ನಿರ್ದೇಶಕ ಎನ್ನುತ್ತಾರೆ. ಕೆಲವು ಕಡೆ ಸಿಇಒ, ಕೆಲವು ಕಡೆ ಸುಮ್ನೆ ಮ್ಯಾನೇಜರ್. ಹೆಸರು ಏನೇ ಇದ್ದರೂ ಪಾಡು ಒಂದೇ. ಅವರಿಗೆ ಮೇಲಧಿಕಾರಿ ಅಂದರೆ ಒಬ್ಬರಲ್ಲ, ಇಡೀ ಆಡಳಿತ ಮಂಡಳಿ. ಆ ಮಂಡಳಿಯವರು ಸಂಬಳವಿಲ್ಲದೆ ಕೆಲಸ ಮಾಡುವವರು, ವರ್ಷಕ್ಕೋ ಎರಡು ವರ್ಷಕ್ಕೋ ಬದಲಾಗುವವರು. ಹೊಸ ಅಧ್ಯಕ್ಷರು ಬಂದಾಗಲೆಲ್ಲ ಹೊಸ ಆಸೆಗಳು ಬರುತ್ತವೆ. ಕಚೇರಿ, ಸಿಬ್ಬಂದಿ, ಬ್ಯಾಂಕ್ ಖಾತೆಯಲ್ಲಿರುವ ಹಣ ಮಾತ್ರ ಅಷ್ಟೇ ಇರುತ್ತದೆ.

ಈ ಕೆಲಸಕ್ಕೆಂದೇ ಓದಿ ಬಂದವರು ಕಡಿಮೆ. ಹೆಚ್ಚಿನವರು ಬೇರೆ ಯಾವುದೋ ಕೆಲಸದಿಂದ ಬಂದು, ಬಿದ್ದು ಎದ್ದು ಕಲಿಯುತ್ತಾರೆ. ಕಚೇರಿಯಲ್ಲಿ ತಮ್ಮಂಥದ್ದೇ ಕೆಲಸ ಮಾಡುವ ಇನ್ನೊಬ್ಬರು ಇರುವುದಿಲ್ಲವಾದ್ದರಿಂದ ಕೇಳಿ ತಿಳಿಯುವ ದಾರಿಯೂ ಇಲ್ಲ. ಅದಕ್ಕೇ ಕಾರ್ಯನಿರ್ವಾಹಕರು ತಮ್ಮದೇ ಸಂಘಗಳನ್ನು ಕಟ್ಟಿಕೊಂಡಿದ್ದಾರೆ. ಅಮೆರಿಕದಲ್ಲಿ ಇಂಥದ್ದೊಂದು ಸಂಘ 1920ರಲ್ಲೇ ಹುಟ್ಟಿತು. ಇವತ್ತು ಅದರ ಹೆಸರು ಎಎಸ್‌ಎಇ. 1960ರಿಂದ ಅದು ಸಿಎಇ ಎಂಬ ವೃತ್ತಿ ಪ್ರಮಾಣೀಕರಣವನ್ನೂ ಕೊಡುತ್ತಿದೆ.

ಈ ಮಾರ್ಗದರ್ಶಿ ಇಂಥ ಸಂಘಗಳ ಸ್ವಯಂಸೇವಕ ಮಂಡಳಿಗಾಗಿ. ತನ್ನ ಸದಸ್ಯ ಸಂಘಗಳ ಕಾರ್ಯನಿರ್ವಾಹಕರಿಗೆ ತರಬೇತಿ ಕೊಡಬೇಕೆಂದಿರುವ ಯಾವುದೇ ಒಕ್ಕೂಟಕ್ಕೂ ಇದು ಹೊಂದುತ್ತದೆ. ಕೆಲಸ ಶುರು ಮಾಡುವ ಮೊದಲು ಒಂದು ಪ್ರಶ್ನೆಯನ್ನು ಎಲ್ಲರ ಕಣ್ಣಿಗೂ ಬೀಳುವಂತೆ ಬರೆದಿಡಿ: ತರಬೇತಿ ಮುಗಿಸಿ ತಮ್ಮ ಕಚೇರಿಗೆ ಮರಳಿದ ಮೇಲೆ ಈ ವ್ಯಕ್ತಿ ಯಾವ ಕೆಲಸವನ್ನು ಬೇರೆ ರೀತಿ ಮಾಡಬೇಕು? ಯಾರನ್ನು ಕರೆಸೋಣ, ಯಾವ ಹಾಲ್ ಹಿಡಿಯೋಣ, ಎಷ್ಟು ದಿನ ನಡೆಸೋಣ ಅನ್ನುವುದೆಲ್ಲ ಇದಾದ ಮೇಲಿನ ಮಾತು. ಸಾಮಾನ್ಯವಾಗಿ ನಡೆಯುವುದು ಉಲ್ಟಾ. ಮೊದಲ ಸಭೆಯಲ್ಲೇ ಭಾಷಣಕಾರರ ಹೆಸರುಗಳು ಶುರುವಾಗುತ್ತವೆ, ಉದ್ದೇಶವನ್ನು ಆಮೇಲೆ ಆಹ್ವಾನ ಪತ್ರಿಕೆಗೆಂದು ಬರೆಯುತ್ತಾರೆ.

ಮೊದಲು, ಯಾರು ಏನನ್ನು ತೀರ್ಮಾನಿಸುತ್ತಾರೆ ಎಂದು ಬರೆದುಕೊಳ್ಳಿ

ಮಂಡಳಿಯಲ್ಲಿ ಹದಿನೈದು ಜನ ಇದ್ದರೆ ಹದಿನೈದೂ ಜನ ಸೇರಿ ಕಾರ್ಯಕ್ರಮ ರೂಪಿಸಲು ಹೋಗಬೇಡಿ. ಐದರಿಂದ ಏಳು ಜನರ ಒಂದು ಉಪಸಮಿತಿ ಸಾಕು. ಅದರಲ್ಲಿ ಕನಿಷ್ಠ ಮೂವರು ಈಗಲೂ ಕಾರ್ಯನಿರ್ವಾಹಕರ ಕೆಲಸದಲ್ಲಿ ಇರುವವರಾಗಿರಲಿ. ಒಬ್ಬರು ಈ ಕೆಲಸಕ್ಕೆ ತೀರಾ ಹೊಸಬರಾಗಿರಲಿ. ಹೊಸಬರಿಗೆ ಏನು ಗೊತ್ತಿರುವುದಿಲ್ಲ ಎಂಬುದು ಹಳಬರಿಗೆ ಮರೆತುಹೋಗಿರುತ್ತದೆ.

ಉಪಸಮಿತಿಗೆ ಒಂದು ಪುಟದ ಅಧಿಕಾರ ಪತ್ರ ಕೊಡಿ. ಮಂಡಳಿ ತನ್ನ ಕೈಯಲ್ಲಿ ಉಳಿಸಿಕೊಳ್ಳುವುದು ನಾಲ್ಕೇ ವಿಷಯ ಇರಲಿ: ತರಬೇತಿಯ ಉದ್ದೇಶ, ಯಾರಿಗಾಗಿ ಎಂಬುದು, ಖರ್ಚಿನ ಮಿತಿ, ಮತ್ತು ನಡೆಸುವುದೋ ಬಿಡುವುದೋ ಎಂಬ ಕೊನೆಯ ತೀರ್ಮಾನ. ಪಾಠಗಳು, ಸಂಪನ್ಮೂಲ ವ್ಯಕ್ತಿಗಳು, ವೇಳಾಪಟ್ಟಿ ಇವೆಲ್ಲ ಉಪಸಮಿತಿಗೆ. ನೋಂದಣಿ, ಹಣ ವಸೂಲಿ, ಹಾಲ್, ಊಟ ಇವು ಸಿಬ್ಬಂದಿಗೆ. ಸಿಬ್ಬಂದಿಯೇ ಇಲ್ಲದಿದ್ದರೆ ಈ ಕೆಲಸಗಳಿಗೆ ಒಬ್ಬರನ್ನು ಹೆಸರು ಹಿಡಿದು ನೇಮಿಸಿ. "ನಾವೆಲ್ಲ ಸೇರಿ ಮಾಡೋಣ" ಅಂದರೆ ಕೊನೆಗೆ ಯಾರೂ ಮಾಡುವುದಿಲ್ಲ.

ಇದನ್ನು ಒತ್ತಿ ಹೇಳಲು ಇನ್ನೊಂದು ಕಾರಣವಿದೆ. ಮಂಡಳಿ ಎಲ್ಲಿ ನಿಲ್ಲಬೇಕು, ಕಚೇರಿ ಎಲ್ಲಿಂದ ಶುರುವಾಗಬೇಕು ಎಂಬುದು ಈ ತರಬೇತಿಯ ಮುಖ್ಯ ಪಾಠಗಳಲ್ಲೇ ಒಂದು. ಅದನ್ನು ಕಲಿಸಲು ಹೊರಟ ಮಂಡಳಿಯೇ ಊಟದ ಮೆನುವಿನ ಬಗ್ಗೆ ಒಂದು ಗಂಟೆ ಚರ್ಚೆ ಮಾಡಿದರೆ, ಸಿಬ್ಬಂದಿಯಿಂದ ಸುದ್ದಿ ಹೊರಗೆ ಹೋಗಲು ಹೆಚ್ಚು ಹೊತ್ತು ಬೇಕಿಲ್ಲ.

ಅಧಿಕಾರ ಪತ್ರದಲ್ಲಿ ಮರೆಯಬಾರದ ಎರಡು ಸಾಲುಗಳಿವೆ. ಒಂದು, ಹಿತಾಸಕ್ತಿಯ ಬಗ್ಗೆ. ಮಂಡಳಿಯ ಸದಸ್ಯರೊಬ್ಬರು ತರಬೇತುದಾರರೂ ಆಗಿದ್ದು, ಸಂಭಾವನೆ ಪಡೆದು ಪಾಠ ಮಾಡುವ ಸಾಧ್ಯತೆ ಇದ್ದರೆ ಅದನ್ನು ಮೊದಲೇ ತಿಳಿಸಬೇಕು. ಆ ವಿಷಯ ಚರ್ಚೆಗೆ ಬಂದಾಗ ಅವರು ಹೊರಗೆ ಹೋಗಬೇಕು, ಹೋದದ್ದು ನಡಾವಳಿಯಲ್ಲಿ ದಾಖಲಾಗಬೇಕು. ಎರಡನೆಯದು, ಅವಧಿಯ ಬಗ್ಗೆ. ಯೋಜನೆ ಮುಗಿಯುವ ಮೊದಲೇ ಪದಾಧಿಕಾರಿಗಳು ಬದಲಾಗುವುದಿದ್ದರೆ ಮುಂದೆ ಅಧ್ಯಕ್ಷರಾಗುವವರನ್ನು ಈಗಲೇ ಉಪಸಮಿತಿಗೆ ಸೇರಿಸಿ. ಇಲ್ಲದಿದ್ದರೆ ಆರು ತಿಂಗಳ ಕೆಲಸ ಹೊಸ ಮಂಡಳಿಯ ಮೊದಲ ಸಭೆಯಲ್ಲಿ ಮತ್ತೆ ಮೊದಲಿನಿಂದ ಶುರುವಾಗುತ್ತದೆ.

ಯಾರಿಗಾಗಿ? ಒಂದು ಗುಂಪನ್ನು ಆರಿಸಿಕೊಳ್ಳಿ

ಒಬ್ಬರೇ ಕಚೇರಿ ನಡೆಸುವ ಸಣ್ಣ ಸಂಘದವರು, ನಲವತ್ತು ಸಿಬ್ಬಂದಿಯನ್ನು ನೋಡಿಕೊಳ್ಳುವವರು, ನಿನ್ನೆ ಮೊನ್ನೆ ಸೇರಿದವರು, ಇಪ್ಪತ್ತು ವರ್ಷ ಪಳಗಿದವರು. ಇವರೆಲ್ಲರಿಗೂ ಒಂದೇ ಪಾಠ ಮಾಡಿದರೆ ಅರ್ಧ ಜನಕ್ಕೆ ಬೇಸರ, ಇನ್ನರ್ಧ ಜನಕ್ಕೆ ಗಾಬರಿ. ಮೊದಲ ಸಲ ನಡೆಸುವ ಮಂಡಳಿಗೆ ನನ್ನ ಸಲಹೆ: ಕೆಲಸಕ್ಕೆ ಸೇರಿ ಮೂರು ವರ್ಷ ದಾಟದವರನ್ನು ಆರಿಸಿಕೊಳ್ಳಿ. ಅವರ ಅಗತ್ಯ ಸ್ಪಷ್ಟವಾಗಿರುತ್ತದೆ, ಕಲಿಯುವ ಹಸಿವೂ ಜಾಸ್ತಿ. ಅನುಭವಿಗಳನ್ನು ಬಿಟ್ಟಂತೆಯೂ ಆಗುವುದಿಲ್ಲ. ಅವರಿಗೆ ಮಾರ್ಗದರ್ಶಕರ ಸ್ಥಾನ ಕೊಡಬಹುದು.

ಅಗತ್ಯ ಏನೆಂದು ಕೆದಕಿ ತಿಳಿಯಿರಿ

ಹೆಚ್ಚು ಸಮಯ ಕೊಡಬೇಕಾದ ಹಂತ ಇದು. ಬಹಳ ಮಂಡಳಿಗಳು ಒಂದು ಆನ್‌ಲೈನ್ ಫಾರಂ ಕಳಿಸಿ "ನಿಮಗೆ ಯಾವ ವಿಷಯದಲ್ಲಿ ತರಬೇತಿ ಬೇಕು?" ಎಂದು ಕೇಳಿ ಕೈತೊಳೆದುಕೊಳ್ಳುತ್ತವೆ. ಉತ್ತರವೂ ಹಾಗೇ ಬರುತ್ತದೆ: ನಾಯಕತ್ವ, ಹಣಕಾಸು, ಸಂವಹನ, ಕೃತಕ ಬುದ್ಧಿಮತ್ತೆ. ಇದರಿಂದ ಯಾವ ಪಾಠವನ್ನೂ ಕಟ್ಟಲು ಆಗುವುದಿಲ್ಲ.

ಫಾರಂ ಬದಲು ಮೊದಲು ಮಾತಾಡಿ. ಹನ್ನೆರಡರಿಂದ ಹದಿನೈದು ಜನ, ಒಬ್ಬೊಬ್ಬರಿಗೆ ಅರ್ಧ ಗಂಟೆ ಫೋನ್. ಉಪಸಮಿತಿಯ ಸದಸ್ಯರು ತಲಾ ಎರಡು ಮೂರು ಜನರನ್ನು ಹಂಚಿಕೊಂಡರೆ ಒಂದು ವಾರದಲ್ಲಿ ಮುಗಿಯುತ್ತದೆ. ವಿಷಯ ಕೇಳಬೇಡಿ, ಘಟನೆ ಕೇಳಿ. "ಕಳೆದ ಮೂರು ತಿಂಗಳಲ್ಲಿ ನಿಮಗೆ ನಿದ್ದೆ ಬಾರದಂತೆ ಮಾಡಿದ ಕೆಲಸ ಯಾವುದು?" "ಆಗ ನೀವು ಏನು ಮಾಡಿದಿರಿ?" "ಯಾರನ್ನು ಕೇಳಿದಿರಿ?"

ಮಾತು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅನ್ನುವುದಕ್ಕೆ ಒಂದು ಮಾದರಿ ನೋಡಿ. ನೀವು ಫೋನ್ ಮಾಡುತ್ತೀರಿ. ಆ ಕಡೆಯವರು "ನನಗೆ ಹಣಕಾಸಿನ ತರಬೇತಿ ಬೇಕು ಸರ್" ಎನ್ನುತ್ತಾರೆ. ಅಲ್ಲಿಗೇ ಬರೆದುಕೊಂಡು ಫೋನ್ ಇಟ್ಟರೆ ನಿಮ್ಮ ಪಟ್ಟಿಗೆ "ಹಣಕಾಸು ನಿರ್ವಹಣೆ" ಸೇರುತ್ತದೆ, ಯಾರೋ ಒಬ್ಬ ಲೆಕ್ಕಪರಿಶೋಧಕರು ಬಂದು ಡೆಬಿಟ್ ಕ್ರೆಡಿಟ್ ಹೇಳಿ ಹೋಗುತ್ತಾರೆ. ಅದರ ಬದಲು "ಹಣಕಾಸಿನಲ್ಲಿ ಇತ್ತೀಚೆಗೆ ಎಲ್ಲಿ ಕಷ್ಟ ಆಯ್ತು?" ಎಂದು ಕೇಳಿ. "ಲೆಕ್ಕ ಬರೆಯೋದಕ್ಕೆ ಜನ ಇದ್ದಾರೆ, ಅದು ಕಷ್ಟ ಅಲ್ಲ. ಆದರೆ ಪ್ರತಿ ಸಭೆಯಲ್ಲೂ ಖಜಾಂಚಿಗಳು ವರದಿ ಓದುತ್ತಾರೆ, ಎಲ್ಲರೂ ತಲೆ ಅಲ್ಲಾಡಿಸುತ್ತಾರೆ, ಮುಗಿಯಿತು. ಸದಸ್ಯತ್ವ ಶುಲ್ಕದ ಆದಾಯ ಎರಡು ವರ್ಷದಿಂದ ಇಳೀತಾ ಇದೆ. ಅದನ್ನು ಹೇಳೋದು ಹೇಗೆ ಅಂತ ಗೊತ್ತಾಗ್ತಿಲ್ಲ. ಹೇಳಿದರೆ ಖಜಾಂಚಿಗೆ ಅವಮಾನ ಮಾಡಿದ ಹಾಗಾಗುತ್ತೆ."

ಈಗ ಪಾಠ ಸಿಕ್ಕಿತು, ಅಲ್ವಾ? ಇವರಿಗೆ ಬೇಕಿರುವುದು ಲೆಕ್ಕ ಬರೆಯುವ ತರಬೇತಿಯಲ್ಲ. ಮಂಡಳಿ ಪ್ರಶ್ನೆ ಕೇಳುವಂತೆ ಹಣಕಾಸಿನ ವರದಿಯನ್ನು ಒಂದು ಪುಟದಲ್ಲಿ ಮುಂದಿಡುವುದು, ಅದಕ್ಕೂ ಮೊದಲು ಖಜಾಂಚಿಯ ಜೊತೆ ಕೂತು ಅದನ್ನು ಇಬ್ಬರದ್ದನ್ನಾಗಿ ಮಾಡಿಕೊಳ್ಳುವುದು.

ಕೆಲವು ಅಧ್ಯಕ್ಷರನ್ನೂ ಕೇಳಿ. "ನಿಮ್ಮ ಕಾರ್ಯನಿರ್ವಾಹಕರು ಯಾವುದನ್ನು ಇನ್ನೂ ಚೆನ್ನಾಗಿ ಮಾಡಿದರೆ ನಿಮ್ಮ ಹೊರೆ ಕಡಿಮೆಯಾಗುತ್ತದೆ?" ಇಬ್ಬರ ಉತ್ತರಗಳು ಹೊಂದದೇ ಇರುವ ಜಾಗಗಳಿಗೆ ಗುರುತು ಹಾಕಿಕೊಳ್ಳಿ. ಒಳ್ಳೆಯ ಪಾಠಗಳು ಅಲ್ಲೇ ಇರುತ್ತವೆ.

ಇನ್ನೂ ಕ್ರಮವಾಗಿ ಮಾಡಬೇಕೆಂದರೆ ಡೇಕಮ್ ಎಂಬ ವಿಧಾನವಿದೆ. 1960ರ ದಶಕದಲ್ಲಿ ಕೆನಡಾದಲ್ಲಿ ಹುಟ್ಟಿದ್ದು. ಒಂದು ಕೆಲಸವನ್ನು ಚೆನ್ನಾಗಿ ಮಾಡುತ್ತಿರುವ ಐದರಿಂದ ಹನ್ನೆರಡು ಜನರನ್ನು ಒಂದೆರಡು ದಿನ ಕೂರಿಸಿ, ಆ ಕೆಲಸದ ಹೊಣೆಗಳು ಯಾವುವು, ಪ್ರತಿ ಹೊಣೆಯಲ್ಲಿ ಮಾಡುವ ಸಣ್ಣ ಸಣ್ಣ ಕೆಲಸಗಳು ಯಾವುವು ಎಂದು ಅವರಿಂದಲೇ ಹೇಳಿಸುತ್ತಾರೆ. ಹೇಳಿದ್ದನ್ನೆಲ್ಲ ಚೀಟಿಗಳಲ್ಲಿ ಬರೆದು ಗೋಡೆಗೆ ಅಂಟಿಸುತ್ತಾರೆ. ಕೆಲಸ ಏನೆಂದು ಅದನ್ನು ಮಾಡುವವರೇ ಚೆನ್ನಾಗಿ ಹೇಳಬಲ್ಲರು ಎಂಬುದು ಇದರ ಹಿಂದಿನ ನಂಬಿಕೆ. ಎರಡು ದಿನ ಸಾಧ್ಯವಿಲ್ಲದಿದ್ದರೆ ಅರ್ಧ ದಿನದಲ್ಲಿ ಚಿಕ್ಕದಾಗಿ ಮಾಡಿದರೂ ಉಪಯೋಗವಿದೆ.

ಫಾರಂ ಕಳಿಸುವುದು ಈಗ. ಗೋಡೆಯ ಮೇಲಿನ ಕೆಲಸಗಳ ಪಟ್ಟಿಯನ್ನು ಎಲ್ಲ ಕಾರ್ಯನಿರ್ವಾಹಕರಿಗೂ ಕಳಿಸಿ, ಪ್ರತಿಯೊಂದರ ಮುಂದೆ ಎರಡು ಪ್ರಶ್ನೆ ಇಡಿ: ಇದನ್ನು ಎಷ್ಟು ಸಲ ಮಾಡುತ್ತೀರಿ? ಇದು ತಪ್ಪಿದರೆ ಎಷ್ಟು ನಷ್ಟ? ಎರಡರಲ್ಲೂ ಮೇಲೆ ಬಂದವು ನಿಮ್ಮ ಪಠ್ಯ. ಅಪರೂಪಕ್ಕೆ ಬರುವ, ಆದರೆ ತಪ್ಪಿದರೆ ಸಂಘವನ್ನೇ ಮುಳುಗಿಸುವ ಕೆಲಸಗಳೂ ಇರುತ್ತವೆ. ಉದಾಹರಣೆಗೆ, ಒಂದೇ ವ್ಯಾಪಾರದ ಪೈಪೋಟಿದಾರರು ಸದಸ್ಯರಾಗಿರುವ ಸಂಘದಲ್ಲಿ, ಸಭೆಯ ನಡುವೆ ಬೆಲೆಯ ಮಾತು ಬಂದಾಗ ಅದನ್ನು ತಡೆಯುವುದು. ಬಹಳ ದೇಶಗಳ ಸ್ಪರ್ಧಾ ಕಾನೂನಿನಲ್ಲಿ ಪೈಪೋಟಿದಾರರು ಕೂಡಿ ಬೆಲೆ ಗೊತ್ತುಮಾಡುವುದು ಗಂಭೀರ ಅಪರಾಧ. ಇಂಥವುಗಳಿಗೆ ಸಲಕ್ಕಿಂತ ನಷ್ಟದ ಅಂಕವೇ ಮುಖ್ಯ.

ಒಂದು ಎಚ್ಚರಿಕೆ. ಕೇಳಿಬಂದ ಕಷ್ಟವೆಲ್ಲ ತರಬೇತಿಯಿಂದ ಹೋಗುವುದಿಲ್ಲ. ಬೈಲಾದಲ್ಲೇ ಗೊಂದಲ ಇದ್ದರೆ ಬೈಲಾ ತಿದ್ದಬೇಕು. ಸದಸ್ಯರ ದಾಖಲೆ ಇಡಲು ಸರಿಯಾದ ಸಾಫ್ಟ್‌ವೇರ್ ಇಲ್ಲದಿದ್ದರೆ ಅದನ್ನು ಕೊಳ್ಳಬೇಕು. ಅಂಥವನ್ನು ಬೇರೆ ಪಟ್ಟಿ ಮಾಡಿ ಮಂಡಳಿಗೆ ಕೊಡಿ.

ಫಲವನ್ನು ಕ್ರಿಯಾಪದದಲ್ಲಿ ಬರೆಯಿರಿ

"ಉತ್ತಮ ಆಡಳಿತದ ಬಗ್ಗೆ ಅರಿವು ಮೂಡಿಸುವುದು" ಎಂದು ಬರೆದರೆ ಅದು ಮೂಡಿತೋ ಇಲ್ಲವೋ ನೋಡುವುದು ಹೇಗೆ? ಬೆಂಜಮಿನ್ ಬ್ಲೂಮ್ ಮತ್ತು ಜೊತೆಗಾರರು 1956ರಲ್ಲಿ ಕಲಿಕೆಯ ಗುರಿಗಳನ್ನು ಮೆಟ್ಟಿಲುಗಳಾಗಿ ವಿಂಗಡಿಸಿದ್ದರು. ಕೆಳಗಿನ ಮೆಟ್ಟಿಲಲ್ಲಿ ನೆನಪಿಟ್ಟು ಹೇಳುವುದು, ಮೇಲೆ ಹೋದಂತೆ ಬಳಸುವುದು, ಬಿಡಿಸಿ ನೋಡುವುದು, ತೂಗಿ ನೋಡುವುದು. ಕಾರ್ಯನಿರ್ವಾಹಕರಿಗೆ ಬೇಕಿರುವುದು ಹೆಚ್ಚಾಗಿ ಮೇಲಿನ ಮೆಟ್ಟಿಲುಗಳೇ. ಹಾಗಾಗಿ ಗುರಿಗಳನ್ನು ಹೀಗೆ ಬರೆಯಿರಿ: "ಮಂಡಳಿ ಸಭೆಯ ಅಜೆಂಡಾವನ್ನು ತೀರ್ಮಾನ ಬೇಕಿರುವವು, ಮಾಹಿತಿಗಾಗಿ ಮಾತ್ರ ಇರುವವು ಎಂದು ಬೇರೆ ಮಾಡಿ ತಯಾರಿಸುತ್ತಾರೆ." "ಸದಸ್ಯತ್ವ ನವೀಕರಿಸದವರಲ್ಲಿ ಹತ್ತು ಜನರ ಜೊತೆ ಮಾತಾಡಿ, ಕಾರಣಗಳನ್ನು ಒಂದು ಪುಟದಲ್ಲಿ ಮಂಡಳಿಗೆ ಕೊಡುತ್ತಾರೆ." ಇಡೀ ಕಾರ್ಯಕ್ರಮಕ್ಕೆ ಇಂಥ ಆರು ಗುರಿ ಸಾಕು. ಹತ್ತು ದಾಟಿದರೆ ಯಾವುದೋ ಒಂದನ್ನು ಬಿಡುವ ಧೈರ್ಯ ಮಂಡಳಿಗೆ ಬಂದಿಲ್ಲ ಎಂದರ್ಥ.

ಕಾರ್ಯಕ್ರಮದ ಆಕಾರ

ಮೂರು ದಿನ ಒಟ್ಟಿಗೆ ತುಂಬಿ ಕಳಿಸಿಬಿಡುವುದು ಆಯೋಜಕರಿಗೆ ಸುಲಭ. ಕಲಿಯುವವರಿಗೆ ಅದರಿಂದ ಉಳಿಯುವುದು ಕಡಿಮೆ. ಕಲಿತದ್ದು ಎಷ್ಟು ಬೇಗ ಮರೆತುಹೋಗುತ್ತದೆ ಎಂದು ಹರ್ಮನ್ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೆಯೇ ಪ್ರಯೋಗ ಮಾಡಿ ತೋರಿಸಿದ್ದ. ನಡುವೆ ಬಿಡುವು ಕೊಟ್ಟು ಮತ್ತೆ ಮತ್ತೆ ಮುಟ್ಟಿದ್ದು ಹೆಚ್ಚು ಕಾಲ ನಿಲ್ಲುತ್ತದೆ ಎಂಬುದು ಆಮೇಲಿನ ಎಷ್ಟೋ ಅಧ್ಯಯನಗಳಲ್ಲೂ ಕಂಡಿದೆ.

ನಾನು ಮೆಚ್ಚುವ ಆಕಾರ ಹೀಗಿದೆ. ಮೊದಲು ಎರಡು ದಿನ ಎಲ್ಲರೂ ಒಂದೆಡೆ ಸೇರುವುದು, ದಿನಕ್ಕೆ ಆರು ಗಂಟೆ ಪಾಠ. ಆಮೇಲೆ ಮೂರು ತಿಂಗಳು, ತಿಂಗಳಿಗೊಮ್ಮೆ ಎರಡು ಗಂಟೆ ಆನ್‌ಲೈನ್ ಭೇಟಿ. ಕೊನೆಗೆ ಮತ್ತೆ ಒಂದು ದಿನ ಒಂದೆಡೆ. ಒಟ್ಟು 24 ಗಂಟೆ. ಭೇಟಿಗಳ ನಡುವೆ ಪ್ರತಿಯೊಬ್ಬರೂ ತಮ್ಮ ಸಂಘದಲ್ಲಿ ಒಂದು ಕೆಲಸ ಮಾಡಿ ಬರಬೇಕು: ಅಜೆಂಡಾ ಬದಲಿಸುವುದು, ಮೀಸಲು ನಿಧಿಯ ನಿಯಮದ ಕರಡು ಬರೆಯುವುದು, ಹೀಗೆ.

ಒಂದು ತರಗತಿಯ ಒಳಗೆ ಏನು ನಡೆಯಬೇಕು ಅನ್ನುವುದನ್ನು ಹತ್ತಿರದಿಂದ ನೋಡೋಣ. ವಿಷಯ, ಹೊಸ ಅಧ್ಯಕ್ಷರ ಜೊತೆ ಕೆಲಸ ಶುರು ಮಾಡುವುದು. ಅವಧಿ 90 ನಿಮಿಷ.

ಎರಡು ಪುಟದ ಒಂದು ಪ್ರಸಂಗವನ್ನು ಒಂದು ವಾರ ಮೊದಲೇ ಕಳಿಸಿರುತ್ತೀರಿ. ಹೊಸ ಅಧ್ಯಕ್ಷರು ಬಂದ ಮೊದಲ ವಾರವೇ ಕಚೇರಿಯ ಕಿರಿಯ ಸಿಬ್ಬಂದಿಯೊಬ್ಬರಿಗೆ ನೇರವಾಗಿ ಮೆಸೇಜ್ ಮಾಡಿ, ವಾರ್ಷಿಕ ಸಮ್ಮೇಳನದ ಕೈಪಿಡಿಯನ್ನು ಪೂರ್ತಿ ಹೊಸದಾಗಿ ಮಾಡಿಸಲು ಹೇಳಿದ್ದಾರೆ. ಬಜೆಟ್‌ನಲ್ಲಿ ಅದಕ್ಕೆ ಹಣವಿಲ್ಲ. ಸಿಬ್ಬಂದಿ ಆಗಲೇ ಪ್ರಿಂಟರ್‌ಗೆ ಫೋನ್ ಮಾಡಿಯಾಗಿದೆ. ಕಾರ್ಯನಿರ್ವಾಹಕರಿಗೆ ಗೊತ್ತಾಗುವುದು ಮೂರನೇ ದಿನ, ಅದೂ ಪ್ರಿಂಟರ್ ಕಡೆಯಿಂದ.

ಮೊದಲ 10 ನಿಮಿಷ ಯಾರೂ ಮಾತಾಡುವುದಿಲ್ಲ. ಪ್ರತಿಯೊಬ್ಬರೂ ಒಂದೇ ಸಾಲು ಬರೆಯುತ್ತಾರೆ: ನಾನಾಗಿದ್ದರೆ ಮೊದಲ ಫೋನ್ ಯಾರಿಗೆ? ಮುಂದಿನ 20 ನಿಮಿಷ ಮೂವರು ಮೂವರಾಗಿ ತಮ್ಮ ಉತ್ತರ ಹೇಳಿಕೊಳ್ಳುತ್ತಾರೆ. ಸಿಬ್ಬಂದಿಗೆ ಮೊದಲು ಎನ್ನುವವರೂ ಇರುತ್ತಾರೆ, ಅಧ್ಯಕ್ಷರಿಗೇ ಎನ್ನುವವರೂ ಇರುತ್ತಾರೆ. ಆಮೇಲೆ 25 ನಿಮಿಷ ಅಭಿನಯ. ಒಬ್ಬರು ಅಧ್ಯಕ್ಷ, ಒಬ್ಬರು ಕಾರ್ಯನಿರ್ವಾಹಕ, ಒಬ್ಬರು ನೋಡುವವರು. ಪಾತ್ರ ಬದಲಿಸಿ ಮತ್ತೊಮ್ಮೆ. ಅಧ್ಯಕ್ಷರ ಜಾಗದಲ್ಲಿ ಕೂತಾಗ "ಒಳ್ಳೇದು ಮಾಡೋಣ ಅಂತ ಬಂದೆ, ಮೊದಲ ವಾರವೇ ಬೇಡ ಅಂತೀರಲ್ಲ" ಎಂಬ ಮಾತು ಅವರ ಬಾಯಿಂದಲೇ ಬರುತ್ತದೆ. ಅದು ಯಾವ ಭಾಷಣಕ್ಕೂ ಸಿಗದ ಪಾಠ. ಮುಂದಿನ 20 ನಿಮಿಷ ಎಲ್ಲರೂ ಕೂಡಿ ಚರ್ಚೆ. ಸಂಪನ್ಮೂಲ ವ್ಯಕ್ತಿ ತಮ್ಮ ಮಾತನ್ನು ಇದರೊಳಗೇ ಹೇಳಿ ಮುಗಿಸಬೇಕು. ಕೊನೆಯ 15 ನಿಮಿಷ ಮತ್ತೆ ಬರವಣಿಗೆ. ತಮ್ಮ ಸಂಘದ ಅಧ್ಯಕ್ಷರ ಜೊತೆ ಮಾಡಿಕೊಳ್ಳಬೇಕಾದ ಒಂದು ಪುಟದ ಒಪ್ಪಂದದ ಕರಡು: ಸಿಬ್ಬಂದಿಗೆ ಕೆಲಸ ಹೇಳುವುದು ಯಾರು, ವಾರಕ್ಕೊಮ್ಮೆ ಫೋನ್ ಯಾವಾಗ, ಪತ್ರಿಕೆಯವರ ಜೊತೆ ಮಾತಾಡುವುದು ಯಾರು, ಬಜೆಟ್‌ನಲ್ಲಿ ಇಲ್ಲದ ಖರ್ಚಿಗೆ ಒಪ್ಪಿಗೆ ಹೇಗೆ. ಆ ಕಾಗದ ಅವರ ಚೀಲದಲ್ಲಿ ಕಚೇರಿಗೆ ಹೋಗುತ್ತದೆ.

ಇಂಥ ತರಗತಿಯಲ್ಲಿ ಜನ ಬಾಯಿ ಬಿಡಬೇಕೆಂದರೆ ನಂಬಿಕೆ ಬೇಕು. ತಮ್ಮ ಅಧ್ಯಕ್ಷರ ಬಗ್ಗೆ ಹೇಳಿದ್ದು ನಾಳೆ ಅವರ ಕಿವಿಗೆ ಬಿದ್ದರೆ ಕೆಲಸಕ್ಕೇ ಕುತ್ತು. 1927ರಲ್ಲಿ ಲಂಡನ್ನಿನ ಚಾಥಮ್ ಹೌಸ್‌ನಲ್ಲಿ ರೂಪಿಸಿದ ನಿಯಮ ಇದಕ್ಕೆ ಚೆನ್ನಾಗಿ ಹೊಂದುತ್ತದೆ: ಇಲ್ಲಿ ಕೇಳಿದ್ದನ್ನು ಬಳಸಿಕೊಳ್ಳಬಹುದು, ಆದರೆ ಹೇಳಿದವರು ಯಾರು, ಯಾವ ಸಂಘದವರು ಎಂದು ಹೊರಗೆ ಹೇಳುವಂತಿಲ್ಲ. ಮೊದಲ ದಿನ ಬೆಳಿಗ್ಗೆಯೇ ಇದನ್ನು ಓದಿ ಹೇಳಿ, ಎಲ್ಲರ ಒಪ್ಪಿಗೆ ಪಡೆಯಿರಿ. ಇಂಥ ತರಗತಿಗಳ ವಿಡಿಯೊ ಮಾಡಬೇಡಿ.

ಸಂಪನ್ಮೂಲ ವ್ಯಕ್ತಿಗಳು

ಮುಖ ನೋಡಿ ಮಣೆ ಹಾಕಬೇಡಿ. ದೊಡ್ಡ ಹೆಸರಿನವರು ಬಂದರೆ ನೋಂದಣಿ ಹೆಚ್ಚಬಹುದು, ನಿಜ. ಆದರೆ ಸಂಘದ ಕಚೇರಿಯನ್ನು ಕಂಡಿರದವರು ಕಂಪನಿಯ ಮಾತುಗಳನ್ನೇ ತಿರುಗಿಸಿ ಹೇಳುತ್ತಾರೆ. ಕಂಪನಿಯಲ್ಲಿ ಮೇಲಧಿಕಾರಿ ಹೇಳಿದರೆ ಕೆಲಸ ಆಗುತ್ತದೆ. ಸಂಘದಲ್ಲಿ ಸ್ವಯಂಸೇವಕರನ್ನು ಒಪ್ಪಿಸಬೇಕು. ಈ ವ್ಯತ್ಯಾಸ ಗೊತ್ತಿಲ್ಲದ ಪಾಠ ಕಾರ್ಯನಿರ್ವಾಹಕರ ಕೈಗೆ ಹತ್ತುವುದಿಲ್ಲ. ಕೆಲಸ ಬಲ್ಲ ಕಾರ್ಯನಿರ್ವಾಹಕರೊಬ್ಬರು, ತರಗತಿ ನಡೆಸಲು ಬಲ್ಲವರೊಬ್ಬರು, ಹೀಗೆ ಜೋಡಿ ಮಾಡಿ. ಎರಡೂ ಬಲ್ಲ ಒಬ್ಬರೇ ಸಿಕ್ಕರೆ ನಿಮ್ಮ ಅದೃಷ್ಟ.

ಒಪ್ಪಿಗೆ ಬಾಯಿಮಾತಿನಲ್ಲಿ ಉಳಿಯದಿರಲಿ. ದಿನಾಂಕ, ಅವಧಿ, ಸಾಧಿಸಬೇಕಾದ ಗುರಿ, ಸಂಭಾವನೆ, ಪ್ರಯಾಣದ ಖರ್ಚು, ಸ್ಲೈಡ್‌ಗಳನ್ನು ಕಳಿಸಬೇಕಾದ ದಿನ, ಕೊಟ್ಟ ಸಾಮಗ್ರಿಯನ್ನು ಮುಂದಿನ ವರ್ಷವೂ ಬಳಸಬಹುದೇ, ಅವರಿಗೆ ಬರಲಾಗದಿದ್ದರೆ ಏನು, ಇಷ್ಟನ್ನು ಒಂದು ಪತ್ರದಲ್ಲಿ ಬರೆಯಿರಿ. ಪರಿಚಯದವರು, ಪುಕ್ಕಟೆ ಬರುತ್ತಾರೆ ಅಂದರೂ ಬರೆಯಿರಿ. ಪುಕ್ಕಟೆ ಬರುವವರಿಗೆ ಬದಲಾವಣೆ ಹೇಳುವುದು ಕಷ್ಟ. ಸಣ್ಣ ಮೊತ್ತವಾದರೂ ಸಂಭಾವನೆ ಕೊಡುವುದೇ ಒಳ್ಳೆಯದು. ತರಗತಿಗೆ ಮೂರು ವಾರ ಮೊದಲು ಅರ್ಧ ಗಂಟೆ ಮಾತಾಡಿ, ನೀವು ಸಂಗ್ರಹಿಸಿದ ಸಂದರ್ಶನಗಳ ಸಾರವನ್ನು ಹೆಸರು ತೆಗೆದು ಅವರಿಗೆ ಕೊಡಿ.

ಹಣದ ಲೆಕ್ಕ

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕು. ಹಾಸಿಗೆ ಎಷ್ಟಿದೆ ಎಂದು ತಿಳಿಯಲು ಒಂದು ಸರಳ ಲೆಕ್ಕವಿದೆ. ಎಷ್ಟು ಜನ ಬಂದರೂ ಬದಲಾಗದ ಖರ್ಚು ಒಂದು ಕಡೆ: ಹಾಲ್, ಸಂಭಾವನೆ, ಪ್ರಚಾರ. ತಲೆಗೆ ಇಷ್ಟು ಎಂದು ಬೀಳುವ ಖರ್ಚು ಇನ್ನೊಂದು ಕಡೆ: ಊಟ, ಮುದ್ರಿತ ಸಾಮಗ್ರಿ. ಬದಲಾಗದ ಖರ್ಚು 1,20,000 ಎಂದಿಟ್ಟುಕೊಳ್ಳಿ. ತಲೆಗೆ ಖರ್ಚು 2,000. ಶುಲ್ಕ 5,000. ಹಾಗಾದರೆ ಒಬ್ಬೊಬ್ಬರಿಂದ ಉಳಿಯುವುದು 3,000. 1,20,000 ಅನ್ನು 3,000ದಿಂದ ಭಾಗಿಸಿ. 40 ಜನ ಬಂದರೆ ನಷ್ಟವೂ ಇಲ್ಲ, ಲಾಭವೂ ಇಲ್ಲ. ಶುಲ್ಕ 6,000 ಮಾಡಿದರೆ 30 ಜನ ಸಾಕು. ಮಂಡಳಿಯ ಮುಂದೆ ಈ ಎರಡು ಸಾಲು ಇಟ್ಟರೆ ಶುಲ್ಕದ ಚರ್ಚೆ ಬೇಗ ಮುಗಿಯುತ್ತದೆ.

"ಐವತ್ತು ಜನ ಖಂಡಿತ ಬರ್ತಾರೆ" ಎಂಬ ಭರವಸೆಯನ್ನು ಲೆಕ್ಕಕ್ಕೆ ತರಬೇಡಿ. ಐವತ್ತು ಬರಬಹುದು ಅನಿಸಿದರೆ ಮೂವತ್ತು ಮೂವತ್ತೈದಕ್ಕೆ ಖರ್ಚು ಹುಟ್ಟುವಂತೆ ಯೋಜನೆ ಮಾಡಿ. ಹಾಲ್‌ನವರಿಗೆ ಕೊಡುವ ಒಪ್ಪಂದ ಪತ್ರವನ್ನು ಪೂರ್ತಿ ಓದಿ. ಇಷ್ಟು ಊಟ, ಇಷ್ಟು ಕೋಣೆ ಎಂದು ಖಾತರಿ ಕೊಟ್ಟು ಜನ ಕಡಿಮೆಯಾದರೆ ಉಳಿದದ್ದರ ಹಣವನ್ನೂ ನೀವೇ ಕಟ್ಟಬೇಕಾಗಬಹುದು. ಸಂಖ್ಯೆ ಇಳಿಸಲು ಕೊನೆಯ ದಿನ ಯಾವುದು ಎಂದು ಕೇಳಿ ಬರೆಸಿಕೊಳ್ಳಿ. ನಡೆಸುವುದೋ ಬಿಡುವುದೋ ಎಂದು ಮಂಡಳಿ ತೀರ್ಮಾನಿಸುವ ದಿನ ಅದಕ್ಕಿಂತ ಒಂದು ವಾರ ಮೊದಲೇ ಇರಲಿ.

ಪ್ರಾಯೋಜಕರು ಬಂದರೆ ಸಂತೋಷ. ಆದರೆ ಪಾಠದ ಸಮಯವನ್ನು ಮಾರಬೇಡಿ. ಬ್ಯಾನರ್, ಊಟದ ಹೊತ್ತಿನ ಸ್ಟಾಲ್ ಇರಲಿ. ತಮ್ಮ ಸಾಫ್ಟ್‌ವೇರ್ ಬಗ್ಗೆ ಒಂದು ಗಂಟೆ "ಉಪನ್ಯಾಸ" ಬೇಡ.

ಇನ್ನೊಂದು ವಿಷಯ ಸುಲಭವಾಗಿ ಮರೆತುಹೋಗುತ್ತದೆ. ಶುಲ್ಕ ಕಟ್ಟುವುದು ಹೆಚ್ಚಾಗಿ ಕಾರ್ಯನಿರ್ವಾಹಕರಲ್ಲ, ಅವರ ಸಂಘ. ಅಂದರೆ ಅವರು ತಮ್ಮ ಮಂಡಳಿಯನ್ನು ಕೇಳಿ ಒಪ್ಪಿಗೆ ಪಡೆಯಬೇಕು. ತಮಗಾಗಿ ಹಣ ಕೇಳಲು ಅವರಿಗೆ ಸಂಕೋಚ. ಹಾಗಾಗಿ ಪ್ರಕಟಣೆಯ ಜೊತೆ ಅಧ್ಯಕ್ಷರಿಗೆ ಬರೆದ ಒಂದು ಪುಟದ ಪತ್ರವನ್ನೂ ಕಳಿಸಿ. ಈ ತರಬೇತಿಯಿಂದ ಸಂಘಕ್ಕೆ ಕೈಗೆ ಸಿಗುವುದು ಏನು, ಎಷ್ಟು ದಿನ ಕಚೇರಿಯಿಂದ ದೂರ, ನಡುವಿನ ಕೆಲಸಗಳಲ್ಲಿ ಅಧ್ಯಕ್ಷರ ಪಾತ್ರ ಏನು ಎಂದು ಅದರಲ್ಲಿರಲಿ. ಸಣ್ಣ ಸಂಘಗಳಿಗೆ ಎರಡು ಮೂರು ರಿಯಾಯಿತಿ ಜಾಗಗಳನ್ನು ಬಜೆಟ್‌ನಲ್ಲೇ ಸೇರಿಸಿಡಿ. ಹೆಚ್ಚು ಅಗತ್ಯ ಇರುವುದು ಅವರಿಗೇ.

ಕ್ಯಾಲೆಂಡರ್

ಕಾರ್ಯಕ್ರಮದ ದಿನದಿಂದ ಹಿಂದಕ್ಕೆ ಎಣಿಸಿ. ಒಂಬತ್ತು ತಿಂಗಳಿದ್ದಾಗ ಅಧಿಕಾರ ಪತ್ರ. ಏಳನೇ ತಿಂಗಳ ಹೊತ್ತಿಗೆ ಸಂದರ್ಶನ, ಫಾರಂ ಎರಡೂ ಮುಗಿದಿರಲಿ. ಆರರಲ್ಲಿ ಗುರಿಗಳಿಗೆ, ಬಜೆಟ್‌ಗೆ ಮಂಡಳಿಯ ಒಪ್ಪಿಗೆ. ಐದರಲ್ಲಿ ಹಾಲ್, ಸಂಪನ್ಮೂಲ ವ್ಯಕ್ತಿಗಳು. ನಾಲ್ಕರಲ್ಲಿ ನೋಂದಣಿ ಶುರು, ಯಾಕೆಂದರೆ ಅವರ ಮಂಡಳಿ ಸಭೆ ಸೇರಿ ಒಪ್ಪಿಗೆ ಕೊಡಲು ಎರಡು ತಿಂಗಳಾದರೂ ಹಿಡಿಯಬಹುದು. ಸಂಘಗಳು ಸರ್ವಸದಸ್ಯರ ಸಭೆ, ಲೆಕ್ಕಪರಿಶೋಧನೆ, ವಾರ್ಷಿಕ ಸಮ್ಮೇಳನದಲ್ಲಿ ಮುಳುಗಿರುವ ವಾರಗಳನ್ನು ತಪ್ಪಿಸಿ.

ನಡೆಸುವ ದಿನಗಳು

ಉದ್ಘಾಟನೆ ಹದಿನೈದು ನಿಮಿಷಕ್ಕೆ ಮುಗಿಯಲಿ. ವೇದಿಕೆಯ ಮೇಲೆ ಗಣ್ಯರ ಸಾಲು ಬೇಡ. ಐದಾರು ಜನ ಸುತ್ತ ಕೂರುವ ಮೇಜುಗಳನ್ನು ಹಾಕಿಸಿ. ಸಮಯ ನೋಡಿಕೊಳ್ಳುವ ಹೊಣೆ ಒಬ್ಬರಿಗೇ ಇರಲಿ, ಅವರಿಗೆ ಯಾರನ್ನಾದರೂ ನಿಲ್ಲಿಸುವ ಅಧಿಕಾರವೂ ಇರಲಿ. ನೋಂದಣಿ ಫಾರಂನಲ್ಲೇ ಊಟದ ಪಥ್ಯ, ಗಾಲಿಕುರ್ಚಿಯ ದಾರಿ, ಕೇಳುವ ಅಥವಾ ನೋಡುವ ತೊಂದರೆಯ ಬಗ್ಗೆ ಕೇಳಿರಿ.

ಪ್ರಮಾಣಪತ್ರ

ಭಾಗವಹಿಸಿದ್ದಕ್ಕೆ ಕೊಡುವ ಪತ್ರ ಬೇರೆ, ವೃತ್ತಿ ಪ್ರಮಾಣೀಕರಣ ಬೇರೆ. ಮೊದಲನೆಯದು ಬಂದು ಕಲಿತರು ಎಂದಷ್ಟೇ ಹೇಳುತ್ತದೆ. ಎರಡನೆಯದಕ್ಕೆ ಅರ್ಹತೆ, ಪರೀಕ್ಷೆ, ನವೀಕರಣ ಎಲ್ಲ ಬೇಕು. ಸಿಎಇ ಉಳಿಸಿಕೊಳ್ಳಲು ಮೂರು ವರ್ಷಕ್ಕೊಮ್ಮೆ 40 ಗಂಟೆಯ ಕಲಿಕೆ ತೋರಿಸಬೇಕು. ಹಾಗಾಗಿ ನಿಮ್ಮ ಪತ್ರದಲ್ಲಿ "ಪ್ರಮಾಣೀಕೃತ" ಎಂಬ ಪದ ಬಳಸಬೇಡಿ. ಪಾಠದ ಗಂಟೆಗಳನ್ನು ಮಾತ್ರ ಸ್ಪಷ್ಟವಾಗಿ ಬರೆಯಿರಿ. ಮುಂದುವರಿದ ಶಿಕ್ಷಣಕ್ಕೆ ಬಳಕೆಯಲ್ಲಿರುವ ಸಿಇಯು ಎಂಬ ಅಳತೆಯಲ್ಲಿ 10 ಗಂಟೆಯ ಪಾಠಕ್ಕೆ ಒಂದು ಸಿಇಯು. ಆ ಲೆಕ್ಕದಲ್ಲಿ ಮೇಲೆ ಹೇಳಿದ 24 ಗಂಟೆಗೆ 2.4 ಆಗುತ್ತದೆ. ಆದರೆ ಸಿಇಯು ಎಂದು ಬರೆಯುವ ಮೊದಲು ಅದನ್ನು ಕೊಡುವ ಮಾನ್ಯತೆ ನಿಮಗಿದೆಯೇ ಎಂದು ನೋಡಿಕೊಳ್ಳಿ. ಊಟ, ಉದ್ಘಾಟನೆ ಇದರಲ್ಲಿ ಸೇರುವುದಿಲ್ಲ. ಹಾಜರಿ ಪಟ್ಟಿಯನ್ನು ವರ್ಷಗಟ್ಟಲೆ ಜೋಪಾನವಾಗಿಡಿ. ದೃಢೀಕರಣ ಕೇಳಿ ಪತ್ರಗಳು ಬರುತ್ತಲೇ ಇರುತ್ತವೆ.

ಫಲ ಸಿಕ್ಕಿತೇ ಎಂದು ನೋಡುವುದು

ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬಹುದು ಎಂದು ಹೇಳಿದರು: ಬಂದವರಿಗೆ ಇಷ್ಟವಾಯಿತೇ, ಕಲಿತರೇ, ಕಲಿತದ್ದನ್ನು ಕೆಲಸದಲ್ಲಿ ಬಳಸಿದರೇ, ಸಂಸ್ಥೆಗೆ ಫಲ ಸಿಕ್ಕಿತೇ. ಬಹಳ ಮಂಡಳಿಗಳು ಮೊದಲನೆಯದಕ್ಕೇ ನಿಲ್ಲಿಸುತ್ತವೆ. ಕೊನೆಯ ದಿನ ಸಂಜೆ ತುಂಬಿಸಿದ ಫಾರಂನಲ್ಲಿ ಎಲ್ಲರೂ "ತುಂಬಾ ಚೆನ್ನಾಗಿತ್ತು" ಎಂದೇ ಬರೆಯುತ್ತಾರೆ. ನಿಮಗೆ ಮೂರನೆಯದು ಮುಖ್ಯ, ಅದು ಕಷ್ಟವೂ ಅಲ್ಲ. ಗುರಿಗಳನ್ನು ಕ್ರಿಯಾಪದದಲ್ಲಿ ಬರೆದಿದ್ದೀರಲ್ಲ, ಅವನ್ನೇ ಪ್ರಶ್ನೆಯಾಗಿ ತಿರುಗಿಸಿ. ಕೊನೆಯ ಭೇಟಿ ಮುಗಿದು ಮೂರು ತಿಂಗಳಾದ ಮೇಲೆ ಪ್ರತಿಯೊಬ್ಬರಿಗೂ ಫೋನ್ ಮಾಡಿ: "ಅಧ್ಯಕ್ಷರ ಜೊತೆ ಆ ಒಂದು ಪುಟದ ಒಪ್ಪಂದ ಆಯಿತೇ? ಅಜೆಂಡಾ ಬದಲಾಯಿತೇ? ಆಗದಿದ್ದರೆ ಎಲ್ಲಿ ನಿಂತಿತು?" ಒಪ್ಪಿದರೆ ಅವರ ಅಧ್ಯಕ್ಷರನ್ನೂ ಒಂದು ಮಾತು ಕೇಳಿ.

ಬಂದ ಉತ್ತರಗಳನ್ನು ಎರಡು ಪುಟದಲ್ಲಿ ಮಂಡಳಿಗೆ ಕೊಡಿ. ಖರ್ಚು ಆದಾಯದ ಲೆಕ್ಕ, ಯಾವ ಗುರಿ ಎಷ್ಟು ಜನರಲ್ಲಿ ಕಾರ್ಯಕ್ಕೆ ಬಂತು, ಯಾವ ತರಗತಿಯನ್ನು ಬಿಡಬೇಕು, ಯಾವುದನ್ನು ಉಳಿಸಬೇಕು. ಅದರ ಜೊತೆಗೇ ಮುಂದಿನ ಉಪಸಮಿತಿಗೆ ಒಂದು ಕಡತ ಸಿದ್ಧಪಡಿಸಿ: ಅಧಿಕಾರ ಪತ್ರ, ಹೆಸರು ತೆಗೆದ ಸಂದರ್ಶನಗಳು, ಕೆಲಸಗಳ ಪಟ್ಟಿ, ಒಪ್ಪಂದ ಪತ್ರಗಳ ಮಾದರಿ, ಬಜೆಟ್ ಹಾಳೆ, ಪ್ರಸಂಗಗಳು. ಅದನ್ನು ಯಾರದೋ ಸ್ವಂತ ಕಂಪ್ಯೂಟರ್‌ನಲ್ಲಿ ಬಿಡದೆ ಸಂಘದ ಹೆಸರಿನ ಖಾತೆಯಲ್ಲಿ ಇಡಿ. ಪಾಸ್‌ವರ್ಡ್ ಕನಿಷ್ಠ ಇಬ್ಬರ ಬಳಿ ಇರಲಿ. ಈ ಸಲ ಬಂದವರಲ್ಲಿ ಚೆನ್ನಾಗಿ ಕಲಿತ ಇಬ್ಬರನ್ನು ಮುಂದಿನ ಉಪಸಮಿತಿಗೆ ಸೇರಲು ಈಗಲೇ ಕೇಳಿ.